ಕೈ ಹಿಡಿದು ಕಲಿಸುವ ಮನೆ

(ಪವಿತ್ರ ಕುಟುಂಬದ ಹಬ್ಬದಂದು ಸಾಂಬ್ರಾದಲ್ಲಿ ನೀಡಿದ ಪ್ರಬೋಧನೆ)

ವಾಚನಗಳು: ಸಿರಾಖ 3:2-6, 12-14; ಕೊಲೊಸ್ಸೆ 3:12-21; ಮತ್ತಾಯ 2:13-15, 19-23



ಸಾಂಬ್ರಾ ಎಂದ ಕೂಡಲೇ ಎಲ್ಲರಿಗೂ ನೆನಪಾಗುವುದು ವಿಮಾನ. 1942ರಲ್ಲಿ ಕಟ್ಟಿದ ವಿಮಾನ ನಿಲ್ದಾಣ ನಮ್ಮ ಊರಿನದು. ವಾಯುಪಡೆಯ ತರಬೇತಿ ಶಾಲೆಯೂ ಇಲ್ಲಿಯೇ ಇದೆ. ಆದ್ದರಿಂದಲೋ ಏನೋ, ಇಲ್ಲಿಯ ಮಕ್ಕಳ ಕೈಗೆ ಒಂದು ಹಾಳೆ ಸಿಕ್ಕರೆ ಸಾಕು, ಅದು ಮೊದಲು ವಿಮಾನವಾಗುತ್ತದೆ. ಧರ್ಮೋಪದೇಶದ ತರಗತಿಯ ಹಾಳೆಗಳು ಕಿಟಕಿಯಿಂದ ಹೊರಗೆ ಹಾರಿದ್ದನ್ನೂ ನಾವು ನೋಡಿದ್ದೇವೆ!

ಮಕ್ಕಳೇ, ಕಾಗದದ ವಿಮಾನ ಮಾಡುವುದನ್ನು ನಿಮಗೆ ಯಾರು ಕಲಿಸಿದರು? ಪುಸ್ತಕ ಕಲಿಸಲಿಲ್ಲ, ಶಾಲೆಯ ಪರೀಕ್ಷೆಯಲ್ಲಿ ಅದಕ್ಕೆ ಅಂಕವೂ ಇಲ್ಲ. ಒಂದು ದಿನ ಅಪ್ಪನೋ, ಅಣ್ಣನೋ, ಪಕ್ಕದ ಮನೆಯ ಅಕ್ಕನೋ ಹತ್ತಿರ ಕೂತು, ನಿಮ್ಮ ಬೆರಳನ್ನು ಹಿಡಿದು ಇಲ್ಲಿ ಮಡಚು, ಇಲ್ಲಿ ಒತ್ತು ಎಂದರು. ಅಷ್ಟೇ. ಇನ್ನು ಶಿಲುಬೆಯ ಗುರುತನ್ನು ಹಾಕಲು ನಿಮಗೆ ಕಲಿಸಿದವರು ಯಾರು? ಅದೂ ಹಾಗೆಯೇ. ಅಮ್ಮನೋ ಅಜ್ಜಿಯೋ ನಿಮ್ಮ ಪುಟ್ಟ ಬಲಗೈಯನ್ನು ಹಿಡಿದು ಹಣೆಗೆ, ಎದೆಗೆ, ಭುಜಗಳಿಗೆ ಮುಟ್ಟಿಸಿದರು. ಮಾತಿಗಿಂತ ಮೊದಲು ಕೈ ಕಲಿಸಿತು. ಇಂದಿನ ಹಬ್ಬದಲ್ಲಿ ನಾವು ಧ್ಯಾನಿಸಬೇಕಾದದ್ದು ಇದನ್ನೇ.

ಜಪಸರದ ಸಂತೋಷದ ರಹಸ್ಯಗಳಲ್ಲಿ ಐದನೆಯದನ್ನು ನೆನಪಿಸಿಕೊಳ್ಳೋಣ. ಬಾಲ ಯೇಸುವಿಗೆ ಆಗ ಹನ್ನೆರಡು ವರ್ಷ. ಪಾಸ್ಖ ಹಬ್ಬ ಮುಗಿಸಿ ಜೆರುಸಲೇಮಿನಿಂದ ಹಿಂದಿರುಗುವಾಗ ಮಾತೆ ಮರಿಯಮ್ಮನವರೂ ಸಂತ ಜೋಸೆಫರೂ ಒಂದು ದಿನದ ದಾರಿ ನಡೆದುಬಿಟ್ಟರು. ಮಗ ಜೊತೆಯಲ್ಲಿಲ್ಲ ಎಂಬುದೇ ಅವರ ಗಮನಕ್ಕೆ ಬರಲಿಲ್ಲ. ಯಾಕೆ? ಯಾತ್ರಿಕರ ಗುಂಪಿನಲ್ಲಿ ಎಲ್ಲೋ ಇರಬಹುದು ಎಂದುಕೊಂಡಿದ್ದರು. ಅವರದು ಅಲಕ್ಷ್ಯವಲ್ಲ, ನಂಬಿಕೆಯ ನೆಂಟರು, ಊರಿನವರು ಜೊತೆಯಲ್ಲಿದ್ದರು. ಆದರೂ ಮೂರು ದಿನ ಕಳವಳದಿಂದ ಹುಡುಕಬೇಕಾಯಿತು.

ಪ್ರೀತಿಯ ತಂದೆತಾಯಂದಿರೇ, ನಾವೂ ಇಂದು ಎಷ್ಟು ಬಾರಿ ಹಾಗೆಯೇ ಎಂದುಕೊಳ್ಳುತ್ತೇವೆ! ಮಗು ಶಾಲೆಯಲ್ಲಿ ಇದೆ, ಟೀಚರ್ ಕಲಿಸುತ್ತಾರೆ. ಟ್ಯೂಷನ್ನಿಗೆ ಹೋಗಿದೆ, ಅಲ್ಲಿ ಕಲಿಸುತ್ತಾರೆ. ಭಾನುವಾರ ಧರ್ಮೋಪದೇಶಕ್ಕೆ ಬಿಟ್ಟಿದ್ದೇವೆ, ಸಿಸ್ಟರ್ ಕಲಿಸುತ್ತಾರೆ, ಫಾದರ್ ಕಲಿಸುತ್ತಾರೆ. ಗುಂಪಿನಲ್ಲಿ ಇರಬಹುದು! ಗುರುಗಳಾದ ನಾವೂ ಇದಕ್ಕೆ ಹೊರತಲ್ಲ. ಮನೆಯಲ್ಲಿ ಹೇಳಿಕೊಟ್ಟಿರುತ್ತಾರೆ ಎಂದು ನಾವು ಅಂದುಕೊಳ್ಳುತ್ತೇವೆ, ಚರ್ಚಿನಲ್ಲಿ ಹೇಳಿಕೊಟ್ಟಿರುತ್ತಾರೆ ಎಂದು ನೀವು ಅಂದುಕೊಳ್ಳುತ್ತೀರಿ. ಈ ಎರಡು ಊಹೆಗಳ ನಡುವೆ ಮಗು ಕಳೆದುಹೋಗುತ್ತದೆ.

ಆ ಮೂರು ದಿನಗಳ ನಂತರ ಯೇಸು ಎಲ್ಲಿಗೆ ಹೋದರು? ನಜರೇತಿನ ಮನೆಗೆ. ಅಲ್ಲಿ ತಂದೆತಾಯಿಗೆ ವಿಧೇಯರಾಗಿ ಬೆಳೆದರು. 1964ರ ಜನವರಿ 5ರಂದು ನಜರೇತಿಗೆ ಭೇಟಿ ನೀಡಿದ ವಿಶ್ವಗುರು ಸಂತ ಆರನೆಯ ಪೌಲರು ಆ ಮನೆಯನ್ನು ಒಂದು ಶಾಲೆ ಎಂದೇ ಕರೆದರು. ಮೌನ, ಕುಟುಂಬ ಜೀವನ, ದುಡಿಮೆ, ಇವು ಆ ಶಾಲೆಯ ಪಾಠಗಳು ಎಂದರು. ಅದೇ ವರ್ಷ ಎರಡನೆಯ ವ್ಯಾಟಿಕನ್ ಮಹಾಸಭೆಯು ಕ್ರೈಸ್ತ ಕುಟುಂಬವನ್ನು ಗೃಹಸಭೆ ಎಂದು ಕರೆದು, ಮಕ್ಕಳಿಗೆ ವಿಶ್ವಾಸವನ್ನು ಸಾರುವ ಮೊದಲಿಗರು ತಂದೆತಾಯಂದಿರೇ ಎಂದು ಬೋಧಿಸಿತು. ಜೋಸೆಫರ ಕಸುಬಿಗೆ ಶುಭಸಂದೇಶವು ಬಳಸುವ ಗ್ರೀಕ್ ಪದ 'ತೆಕ್ತೋನ್'. ಮರಗೆಲಸದವನು, ಮನೆ ಕಟ್ಟುವವನು ಎಂದು ಅದರ ಅರ್ಥ. ತಂದೆಯಾದವನು ಮಗನಿಗೆ ಧರ್ಮಶಾಸ್ತ್ರವನ್ನೂ ಕಲಿಸಬೇಕು, ಒಂದು ಕಸುಬನ್ನೂ ಕಲಿಸಬೇಕು ಎಂದು ಯೆಹೂದ್ಯರ ತಾಲ್ಮುದ್ ಗ್ರಂಥವೂ ಹೇಳುತ್ತದೆ. ಪ್ರಾರ್ಥನೆಯನ್ನೂ ಉಳಿ ಹಿಡಿಯುವುದನ್ನೂ ಯೇಸು ಒಂದೇ ಮನೆಯಲ್ಲಿ ಕಲಿತರು.

ಇನ್ನು ನಮ್ಮ ಮನೆಗಳ ಗೋದಲಿಯ ಕಡೆ ಬರೋಣ. 1223ರ ಕ್ರಿಸ್ತಜಯಂತಿಗೆ ಅಸ್ಸಿಸಿಯ ಸಂತ ಫ್ರಾನ್ಸಿಸರು ಇಟಲಿಯ ಗ್ರೆಚ್ಚೊ ಎಂಬಲ್ಲಿ ಗೋದಲಿಯನ್ನು ಸಿದ್ಧಪಡಿಸಿದರು. ಹದಿನೈದು ದಿನ ಮೊದಲೇ ಆ ಊರಿನ ಯೊವಾನ್ನಿ ಎಂಬವರಿಗೆ ಹೇಳಿ ಹುಲ್ಲು ತರಿಸಿದರು, ಎತ್ತು ಕತ್ತೆಗಳನ್ನು ತರಿಸಿದರು. ಅಲ್ಲಿ ಒಂದೂ ಪ್ರತಿಮೆ ಇರಲಿಲ್ಲ, ಕೊಂಡು ತಂದ ಅಲಂಕಾರವೂ ಇರಲಿಲ್ಲ. ಊರಿನ ಜನರೇ ದೀವಟಿಗೆ ಹಿಡಿದು ಬಂದರು, ಅಲ್ಲಿಯೇ ಬಲಿಪೂಜೆ ನಡೆಯಿತು. 2019ರ ಡಿಸೆಂಬರ್ 1ರಂದು ಅದೇ ಗ್ರೆಚ್ಚೊದಲ್ಲಿ ದಿವಂಗತ ವಿಶ್ವಗುರು ಫ್ರಾನ್ಸಿಸರು ಗೋದಲಿಯ ಕುರಿತ ತಮ್ಮ ಪ್ರೇಷಿತ ಪತ್ರಕ್ಕೆ ಸಹಿ ಹಾಕಿ, ಮನೆಮಂದಿ ಸೇರಿ ಗೋದಲಿ ಕಟ್ಟುವ ಈ ಸುಂದರ ಸಂಪ್ರದಾಯವನ್ನು ಉಳಿಸಿಕೊಳ್ಳಿ ಎಂದು ನಮ್ಮೆಲ್ಲರನ್ನೂ ಹುರಿದುಂಬಿಸಿದರು.

ಈ ವಿಷಯದಲ್ಲಿ ನಮ್ಮದೇ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕು. ಹಿಂದೆ ಸೇವೆಯಲ್ಲಿದ್ದ ಒಂದು ಧರ್ಮಕೇಂದ್ರದಲ್ಲಿ ಮನೆಮನೆಯ ಗೋದಲಿ ಸ್ಪರ್ಧೆ ಇಟ್ಟಿದ್ದೆವು. ತೀರ್ಪು ಕೊಡಲು ಹೋದವರು ನಾವು ಮೂವರು. ಒಂದೇ ಸಂಜೆಯಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ಮನೆಗಳನ್ನು ನೋಡಬೇಕು. ಒಂದು ಮನೆಯಲ್ಲಿ ಪೇಟೆಯಿಂದ ತಂದ ಸಿದ್ಧ ಗೋದಲಿ: ಬಣ್ಣಬಣ್ಣದ ದೀಪಗಳ ಸರ, ನೀರು ಚಿಮ್ಮುವ ಕಾರಂಜಿ, ಹೊಳೆಯುವ ಪ್ರತಿಮೆಗಳು. ಅದಕ್ಕೆ ಮೊದಲ ಬಹುಮಾನ ಕೊಟ್ಟೆವು. ಇನ್ನೊಂದು ಮನೆಯಲ್ಲಿ ಭತ್ತದ ಹುಲ್ಲಿನ ಗುಡಿಸಲು, ಮೂರು ಚಿಕ್ಕ ಪ್ರತಿಮೆಗಳು, ತಟ್ಟೆಯಲ್ಲಿ ಮೊಳಕೆ ಬಂದ ರಾಗಿ, ಒಂದು ಮಣ್ಣಿನ ಎತ್ತು. ಎರಡು ನಿಮಿಷ ನಿಂತು, ಚೆನ್ನಾಗಿದೆ ಎಂದು ಹೇಳಿ ಮುಂದೆ ಹೋದೆವು.

ಬಹುಮಾನ ಹಂಚಿದ ದಿನ ಏಳೆಂಟು ವರ್ಷದ ಒಬ್ಬ ಹುಡುಗ ಬಂದು ನಿಲುವಂಗಿ ಜಗ್ಗಿ ಕೇಳಿದ: "ಫಾದರ್, ನನ್ನ ಎತ್ತು ನೋಡಿದ್ರೇನ್ರೀ?"

ನಾವು ನೋಡಿರಲಿಲ್ಲ. ಅವನ ತಾಯಿ ಸಂಕೋಚದಿಂದ, "ಇರ್ಲಿ ಬಿಡ್ರಿ ಫಾದರ್, ಸಣ್ಣಾಂವ ಅದಾನ" ಎಂದು ಅವನನ್ನು ಕರೆದುಕೊಂಡು ಹೋದರು. ಆಮೇಲೆ ತಿಳಿಯಿತು. ನಮ್ಮ ಭಾಗದಲ್ಲಿ ಮಣ್ಣೆತ್ತಿನ ಅಮಾವಾಸ್ಯೆಗೆ ಹಿಂದೂ ಸಹೋದರರ ಮನೆಗಳಲ್ಲಿ ಜೇಡಿಮಣ್ಣಿನ ಎತ್ತು ಮಾಡುತ್ತಾರಲ್ಲವೇ? ನೆರೆಮನೆಯ ಅಜ್ಜನ ಹತ್ತಿರ ಕೂತು ಈ ಹುಡುಗ ಅದನ್ನು ಕಲಿತಿದ್ದ. ಯೇಸು ಬಾಲನಿಗೆ ಚಳಿ ಆಗಬಾರದು ಎಂದು, ನಮ್ಮೂರಿನ ಎತ್ತಿನಂತೆ ಹಿಣಿಲು ಇಟ್ಟು, ಕೋಡು ತಿದ್ದಿ, ನಾಲ್ಕು ದಿನ ನೆರಳಿನಲ್ಲಿ ಒಣಗಿಸಿದ್ದ. ಮರುವರ್ಷ ಅವನು ಗೋದಲಿ ಕಟ್ಟಲಿಲ್ಲ. ಅವನ ಮನೆಗೆ ಹೋಗಿ ಮಾತಾಡಿಸಿದೆವು. ತಲೆ ತಗ್ಗಿಸಿ ನಕ್ಕ, ಮಣ್ಣು ಮಾತ್ರ ಮುಟ್ಟಲಿಲ್ಲ. ಅಷ್ಟರಲ್ಲಿ ನಮಗೆ ವರ್ಗಾವಣೆಯಾಯಿತು.

ಲೂಕನ ಶುಭಸಂದೇಶದ ಜನನ ವೃತ್ತಾಂತದಲ್ಲಿ ಎತ್ತು ಬರುವುದಿಲ್ಲ. ಪ್ರವಾದಿ ಯೆಶಾಯನ ಗ್ರಂಥದ ಮೊದಲ ಅಧ್ಯಾಯದಲ್ಲಿ ಎತ್ತು ತನ್ನ ಒಡೆಯನನ್ನು, ಕತ್ತೆ ತನ್ನ ಧಣಿಯ ಗೋದಲಿಯನ್ನು ತಿಳಿದಿರುತ್ತದೆ, ನನ್ನ ಜನರಿಗೆ ಮಾತ್ರ ತಿಳಿಯದು ಎಂದು ದೇವರು ನೊಂದುಕೊಳ್ಳುತ್ತಾರೆ. ಅಂದು ಆ ಮಣ್ಣಿನ ಎತ್ತಿಗೆ ಗೋದಲಿಯಲ್ಲಿ ಯಾರಿದ್ದಾರೆ ಎಂಬುದು ಗೊತ್ತಿತ್ತು. ತೀರ್ಪು ಕೊಡಲು ಹೋದ ನಮಗೆ ಗೊತ್ತಾಗಲಿಲ್ಲ. ಇಂದಿನ ಎರಡನೆಯ ವಾಚನದ ಕೊನೆಯಲ್ಲಿ ಸಂತ ಪೌಲರು, ಮಕ್ಕಳು ಮನಗುಂದದಂತೆ ನೋಡಿಕೊಳ್ಳಿ ಎಂದು ತಂದೆಗಳಿಗೆ ಬುದ್ಧಿ ಹೇಳುತ್ತಾರೆ. ಆ ಮಾತನ್ನು ಪ್ರತಿ ವರ್ಷ ಓದುವಾಗ, ಫಾದರ್ ಎಂದು ಕರೆಸಿಕೊಳ್ಳುವ ನಮ್ಮ ಎದೆಗೇ ಅದು ಮೊದಲು ತಾಗುತ್ತದೆ.

ಹಾಗಾದರೆ ಪೇಟೆಯಿಂದ ಏನನ್ನೂ ಕೊಳ್ಳಬಾರದೇ? ಹಾಗಲ್ಲ. ಖಡೇಬಜಾರಿನಿಂದ ನಕ್ಷತ್ರ ತಂದರೆ ಪಾಪವಿಲ್ಲ. ಆದರೆ ಬಿದಿರಿನ ಕಡ್ಡಿ ಸೀಳಿ, ಬಣ್ಣದ ಕಾಗದಕ್ಕೆ ಮೈದಾ ಅಂಟು ಹಚ್ಚಿ, ಅಪ್ಪನೂ ಮಗಳೂ ಸೇರಿ ನಕ್ಷತ್ರ ಕಟ್ಟುವಾಗ ಒಂದು ಗಂಟೆ ಸಿಗುತ್ತದೆ. ಆ ಗಂಟೆಯನ್ನು ಯಾವ ಅಂಗಡಿಯೂ ಮಾರುವುದಿಲ್ಲ. ಆಗ ಮಗು ಕೇಳುತ್ತದೆ: ನಕ್ಷತ್ರ ಯಾಕೆ? ಜೋಯಿಸರು ಎಲ್ಲಿಂದ ಬಂದರು? ಹೆರೋದ ಯಾಕೆ ಸಿಟ್ಟಾದ? ಅದೇ ಧರ್ಮೋಪದೇಶ. ಖಾನಾಪುರದ ಕಡೆಯವರಿಗೆ ಮಣ್ಣಿನ ಬೆಲೆ ಗೊತ್ತು. ಕುಂಬಾರಿಕೆಯನ್ನು ಕಲಿಸಲೆಂದೇ ಅಲ್ಲಿ ಖಾದಿ ಗ್ರಾಮೋದ್ಯೋಗ ಆಯೋಗದ ಸಂಸ್ಥೆ ಇದೆ. ಅಲ್ಲಿ ಕಲಿತವರು ಹೇಳುವ ಮಾತು ಒಂದೇ: ಮಣ್ಣು ಹಸಿ ಇದ್ದಾಗಲೇ ಆಕಾರ ಕೊಡಬೇಕು, ಒಣಗಿದ ಮೇಲೆ ಒತ್ತಿದರೆ ಒಡೆಯುತ್ತದೆ. ಮಕ್ಕಳ ಮನಸ್ಸೂ ಹಾಗೆಯೇ.

ಹಬ್ಬದ ತಿಂಡಿಯೂ ಕೈಕೆಲಸವೇ. ನಮ್ಮಲ್ಲಿ ಕೊಂಕಣಿ ಮಾತಾಡುವವರ ಮನೆಯಲ್ಲಿ ನೆವ್ರಿ, ಕನ್ನಡದವರ ಮನೆಯಲ್ಲಿ ಕರ್ಜಿಕಾಯಿ. ಹೆಸರು ಎರಡು, ಒಳಗಿನ ಕೊಬ್ಬರಿ ಒಂದೇ. ಕುಲ್ಕುಲ್ ಹಿಟ್ಟಿನ ಚಿಕ್ಕ ಉಂಡೆಯನ್ನು ಫೋರ್ಕಿನ ಬೆನ್ನಿಗೆ ಒತ್ತಿ ಸುರುಳಿ ಮಾಡುವ ಕೆಲಸ ಮೊದಲಿನಿಂದಲೂ ಮಕ್ಕಳದೇ. ಮಗು ಮಾಡಿದ್ದು ಸೊಟ್ಟಗಿರುತ್ತದೆ, ನೆಲದ ತುಂಬ ಹಿಟ್ಟಾಗುತ್ತದೆ. ಇರಲಿ ಬಿಡಿ. ಆ ಸೊಟ್ಟ ಕುಲ್ಕುಲನ್ನೂ ನೆರೆಮನೆಗೆ ಕೊಡುವ ತಟ್ಟೆಯಲ್ಲಿ ಇಡಿ. ತಟ್ಟೆಯನ್ನು ಮಗುವಿನ ಕೈಯಲ್ಲಿಯೇ ಕಳುಹಿಸಿ. ಹಂಚಿ ತಿನ್ನುವುದನ್ನು ಅದು ಅಂದು ಕಲಿಯುತ್ತದೆ.

ಹೊರಗೆ ಊಟಕ್ಕೆ ಹೋಗುವುದರ ಬಗ್ಗೆಯೂ ಒಂದು ಮಾತು. ಹಬ್ಬದ ಬಲಿಪೂಜೆ ಮುಗಿಸಿ ಬೆಳಗಾವಿಗೆ ಹೋಗಿ ಹೋಟೆಲಿನಲ್ಲಿ ಊಟ ಮಾಡುವುದು ಈಗ ರೂಢಿಯಾಗಿದೆ. ಇದನ್ನು ಬೈಯಬೇಕೆಂದು ಕೆಲವು ಹಿರಿಯರು ನಮ್ಮನ್ನು ಕೇಳಿದ್ದಾರೆ. ಬೈಯುವುದಿಲ್ಲ. ವರ್ಷವಿಡೀ ಒಲೆಯ ಮುಂದೆ ನಿಂತ ತಾಯಿ ಒಂದು ದಿನ ಕೂತು ಬಡಿಸಿಕೊಂಡು ಉಂಡರೆ ನಮಗೆ ಸಂತೋಷವೇ. ಮನೆಯ ಊಟವೇ ಶ್ರೇಷ್ಠ ಎಂದು ಹೇಳುವ ಗಂಡಸರು ಮೊದಲು ಈರುಳ್ಳಿ ಹೆಚ್ಚಲಿ! ಇಂದಿನ ಶುಭಸಂದೇಶದಲ್ಲಿ ಪವಿತ್ರ ಕುಟುಂಬವೇ ರಾತ್ರೋರಾತ್ರಿ ಮನೆ ಬಿಟ್ಟು ಈಜಿಪ್ಟಿಗೆ ಹೋಗುತ್ತದೆ. ಪರರ ನಾಡಿನಲ್ಲಿ ಬದುಕಿದ ಅವರು ಹೋದಲ್ಲಿಯೂ ಕುಟುಂಬವಾಗಿಯೇ ಉಳಿದರು. ಊಟ ಎಲ್ಲಿ ಎಂಬುದಕ್ಕಿಂತ, ಊಟದ ಮುಂದೆ ನಾವು ಹೇಗೆ ಕೂತಿದ್ದೇವೆ ಎಂಬುದೇ ಮುಖ್ಯ.

ಕೆಲವು ದಿನಗಳ ಹಿಂದೆ ಗುರುಮಿತ್ರರೊಡನೆ ಒಂದು ಹೋಟೆಲಿನಲ್ಲಿ ಕೂತಿದ್ದೆವು. ಪಕ್ಕದ ಮೇಜಿನಲ್ಲಿ ತಂದೆ, ತಾಯಿ, ಇಬ್ಬರು ಮಕ್ಕಳು. ನಾಲ್ಕು ಜನರ ಕೈಯಲ್ಲಿ ಮೂರು ಮೊಬೈಲು. ಕಿರಿಯ ಮಗು ಏನೋ ಹೇಳಲು ಎರಡು ಬಾರಿ ಬಾಯಿ ತೆರೆಯಿತು, ಕೇಳುವವರಿರಲಿಲ್ಲ. ಕೊನೆಗೆ ಅದಕ್ಕೂ ಒಂದು ಮೊಬೈಲ್ ಸಿಕ್ಕಿತು, ಸದ್ದು ನಿಂತಿತು. ಪಾಪ ಎಂದುಕೊಳ್ಳುತ್ತ ನಮ್ಮ ಮೇಜಿನ ಕಡೆ ತಿರುಗಿದರೆ, ಇಲ್ಲಿಯೂ ಮೂವರು ಗುರುಗಳು ಮೊಬೈಲ್ ನೋಡುತ್ತಿದ್ದೆವು! ಒಂದೇ ಮೇಜಿನಲ್ಲಿದ್ದರೂ ಗುಂಪಿನಲ್ಲಿ ಕಳೆದುಹೋಗಬಹುದು.

ಆದ್ದರಿಂದ ಪ್ರೀತಿಯ ಕುಟುಂಬಗಳೇ, ಹೊಸ ವರ್ಷಕ್ಕೆ ಮೂರು ಚಿಕ್ಕ ನಿರ್ಧಾರಗಳನ್ನು ಮಾಡೋಣ.

ಮೊದಲನೆಯದು, ವಾರಕ್ಕೆ ಒಂದು ಗಂಟೆ ಮಕ್ಕಳೊಂದಿಗೆ ಕೈಯಿಂದ ಏನಾದರೂ ಮಾಡೋಣ. ಬೀಜ ನೆಡುವುದಾಗಲಿ, ಗುಂಡಿ ಹೊಲಿಯುವುದಾಗಲಿ, ಚಪಾತಿ ಲಟ್ಟಿಸುವುದಾಗಲಿ, ಹಳೆಯ ಕಾರ್ಡಿನಿಂದ ನಕ್ಷತ್ರ ಕತ್ತರಿಸುವುದಾಗಲಿ. ಆ ಕೆಲಸವನ್ನು ಚೆನ್ನಾಗಿ ನೋಡೋಣ. ಅಂಕ ಕೊಡುವುದು ಬೇಡ, ನೋಡಿದರೆ ಸಾಕು.

ಎರಡನೆಯದು, ಹೋಟೆಲಿಗೆ ಹೋದಾಗಲೂ ಮೊಬೈಲ್ ಬದಿಗಿಟ್ಟು, ನಾಚಿಕೊಳ್ಳದೆ ಶಿಲುಬೆಯ ಗುರುತು ಹಾಕಿ ಉಣ್ಣೋಣ. ಬಡಿಸುವ ಹುಡುಗನಿಗೆ ಮಗುವಿನ ಬಾಯಿಯಿಂದಲೇ ಧನ್ಯವಾದ ಹೇಳಿಸೋಣ. ನಮ್ಮ ಹಬ್ಬದ ದಿನ ಅವನು ತನ್ನ ಮನೆಯವರನ್ನು ಬಿಟ್ಟು ನಮಗೆ ಬಡಿಸುತ್ತಿದ್ದಾನೆ. ತಟ್ಟೆಯಲ್ಲಿ ಅನ್ನ ಬಿಡದಿರೋಣ.

ಮೂರನೆಯದು, ಮಲಗುವ ಮುನ್ನ ಚಿಕ್ಕ ಮಕ್ಕಳ ಹಣೆಯ ಮೇಲೆ ತಂದೆತಾಯಿ ಶಿಲುಬೆಯ ಗುರುತು ಹಾಕಿ ಆಶೀರ್ವದಿಸೋಣ. ದೀಕ್ಷಾಸ್ನಾನದ ದಿನ ಗುರುಗಳಾದ ನಾವು ಹಾಕಿದ ಆ ಗುರುತನ್ನು ಅಂದೇ ನೀವೂ ಮಗುವಿನ ಹಣೆಯ ಮೇಲೆ ಹಾಕಿದ್ದಿರಿ. ಅಂದಿನಿಂದ ಅದು ನಿಮ್ಮ ಕೈಗೆ ಒಪ್ಪಿಸಿದ ಹೊಣೆ. ಮನೆಯಲ್ಲಿ ವಯಸ್ಸಾದವರು ಇದ್ದರೆ ಮಕ್ಕಳು ಅವರ ಆಶೀರ್ವಾದವನ್ನೂ ಬೇಡಲಿ; ಇಂದಿನ ಮೊದಲ ವಾಚನ ಅದನ್ನೇ ಕಲಿಸುತ್ತದೆ.

ಗೋದಲಿ ಇನ್ನೂ ನಮ್ಮ ಮನೆಗಳಲ್ಲಿ ಇದೆ. ಇಂದು ಮನೆಗೆ ಹೋಗಿ ಮಕ್ಕಳನ್ನು ಅದರ ಮುಂದೆ ಕೂಡಿಸಿಕೊಂಡು ಕೇಳೋಣ: ಇದರಲ್ಲಿ ನೀನು ಮಾಡಿದ್ದು ಯಾವುದು ಮಗೂ? ಅವರು ತೋರಿಸಿದ್ದನ್ನು ಬಗ್ಗಿ, ಹತ್ತಿರದಿಂದ ನೋಡೋಣ.

ನಜರೇತಿನ ಮನೆಯಲ್ಲಿ ದುಡಿದ ಯೇಸುವೇ, ನಮ್ಮ ಮಕ್ಕಳ ಕೈಗಳನ್ನು ಆಶೀರ್ವದಿಸಿ. ಮಾತೆ ಮರಿಯಮ್ಮನವರೇ, ಸಂತ ಜೋಸೆಫರೇ, ಗುಂಪಿನಲ್ಲಿ ಇರಬಹುದು ಎಂದುಕೊಂಡು ನಾವು ಕೈಬಿಟ್ಟ ಮಕ್ಕಳನ್ನು ಹುಡುಕಿ ಕರೆತರಲು ನಮಗೆ ನೆರವಾಗಿರಿ. ನಮ್ಮಿಂದ ಮನನೊಂದು ಮಣ್ಣು ಕೆಳಗಿಟ್ಟ ಪ್ರತಿ ಮಗುವಿನ ಕೈಗೂ ಮತ್ತೆ ಕಸುವು ಬರಲಿ.

ಪಿತನ, ಸುತನ ಹಾಗೂ ಪವಿತ್ರಾತ್ಮರ ನಾಮದಲ್ಲಿ. ಆಮೆನ್.