ಕಾಣದ ಗ್ರಹದ ಬಣ್ಣ



ನಿಮಗೆ ಇಷ್ಟವಾದ ವಿಷಯದ ಬಗ್ಗೆ ಕನ್ನಡದಲ್ಲೇ ಮಾತಾಡಿ ಎಂದು ಟೀಚರ್ ಹೇಳಿದ್ದರು. ನಾನು ಒಂದು ಗ್ರಹವನ್ನು ಆರಿಸಿಕೊಂಡೆ. ಹೆಸರು ಎಚ್‌ಡಿ 189733 ಬಿ. ಕಾರಿನ ನಂಬರ್ ಪ್ಲೇಟ್ ಇದ್ದ ಹಾಗಿದೆ, ಏನು ಮಾಡುವುದು!

ಇದು ಸುಮಾರು 64 ಜ್ಯೋತಿರ್ವರ್ಷ ದೂರದಲ್ಲಿದೆ, ನಮ್ಮ ಗುರುಗ್ರಹಕ್ಕಿಂತ ಸ್ವಲ್ಪ ದೊಡ್ಡದು. ತನ್ನ ನಕ್ಷತ್ರಕ್ಕೆ ಎಷ್ಟು ಹತ್ತಿರ ಎಂದರೆ 2.2 ದಿನಕ್ಕೆ ಒಂದು ಸುತ್ತು ಮುಗಿಸುತ್ತದೆ. 2013ರಲ್ಲಿ ಹಬಲ್ ಟೆಲಿಸ್ಕೋಪ್ ಬಳಸಿದ ವಿಜ್ಞಾನಿಗಳು ಇದರ ಬಣ್ಣ ಕಡುನೀಲಿ ಎಂದರು.

ಇದನ್ನು ಫೋನಿನಲ್ಲಿ ಅಜ್ಜನಿಗೆ ಹೇಳಿದೆ. ಅವರು ಶಿವಮೊಗ್ಗದ ಕಡೆ ಗಣಿತದ ಮೇಷ್ಟ್ರಾಗಿದ್ದವರು. “ಫೋಟೋ ಇದೆಯೇನೋ?” ಎಂದರು. ಇಲ್ಲ, ನಕ್ಷತ್ರ, ಗ್ರಹ ಎರಡೂ ಸೇರಿ ಒಂದೇ ಚುಕ್ಕೆ ಕಾಣುತ್ತದೆ ಎಂದೆ. “ಮತ್ತೆ ಬಣ್ಣ ಕಂಡವರು ಯಾರು?” ನನಗೆ ಗೊತ್ತಿದ್ದ ಉತ್ತರವೆಲ್ಲ ಇಂಗ್ಲಿಷಿನಲ್ಲಿತ್ತು. ಅಜ್ಜನಿಗೆ ಅದು ಬೇಡ. ಮೂರು ಭಾನುವಾರ ಹಿಡಿಯಿತು.

ಒಂದು ಅಂಗಡಿ. ಅಪ್ಪ, ಮಗ ಇಬ್ಬರೂ ಒಂದೇ ಗಲ್ಲಾಪೆಟ್ಟಿಗೆಗೆ ದುಡ್ಡು ಹಾಕುತ್ತಾರೆ. ಮಗನ ಪಾಲು ಎಷ್ಟು? ಮಗ ಹೊರಗೆ ಹೋದಾಗ ಎಷ್ಟು ಕಡಿಮೆಯಾಯಿತೋ ಅಷ್ಟು. ಗ್ರಹ ಸುತ್ತುತ್ತಾ ನಕ್ಷತ್ರದ ಹಿಂದೆ ಮರೆಯಾಗುತ್ತದೆ, ಗ್ರಹಕ್ಕೇ ಗ್ರಹಣ! ಆಗ ಒಟ್ಟು ಬೆಳಕು ಎಷ್ಟು ಇಳಿಯಿತು ಎಂದು ಅಳೆಯುತ್ತಾರೆ. ನೀಲಿ ಬೆಳಕಿನಲ್ಲಿ ಇಳಿದದ್ದು ಹತ್ತು ಲಕ್ಷಕ್ಕೆ ಸುಮಾರು 126 ಪಾಲು. ಹಸಿರಿನಲ್ಲಿ ಅಳತೆಗೆ ಸಿಗುವಷ್ಟು ಇಳಿಯಲೇ ಇಲ್ಲ. ಅಂದರೆ ಗ್ರಹ ಹಿಂದಕ್ಕೆ ಕಳಿಸುತ್ತಿದ್ದದ್ದು ನೀಲಿ. ಗ್ರಹದ ಗಾತ್ರ, ನಕ್ಷತ್ರದಿಂದ ದೂರ ಎರಡೂ ಗೊತ್ತಿರುವುದರಿಂದ ಅದರ ಮೇಲೆ ಎಷ್ಟು ಬೆಳಕು ಬೀಳುತ್ತದೆ ಎಂದು ಲೆಕ್ಕ ಹಾಕಬಹುದು. ಬಿದ್ದ ನೀಲಿಯಲ್ಲಿ ಸುಮಾರು ಶೇಕಡಾ 40 ವಾಪಸ್ ಬರುತ್ತದೆ.

ಅಜ್ಜ ಬಿಡಲಿಲ್ಲ. “ಅದು ಪ್ರತಿಫಲಿಸಿದ ಬೆಳಕೇ ಅಂತ ಹೇಗೆ ಹೇಳ್ತೀಯ? ಕಮ್ಮಾರನ ಕುಲುಮೆಯ ಕಬ್ಬಿಣವೂ ಹೊಳೆಯುತ್ತೆ.” ನನ್ನ ಪ್ರಕಾರ ಇದೇ ಒಳ್ಳೆಯ ಪ್ರಶ್ನೆ. ಈ ಗ್ರಹವೂ ಕಾದ ಕಬ್ಬಿಣದ ಹಾಗೆ, ಸಾವಿರ ಡಿಗ್ರಿಯ ಆಸುಪಾಸು. ಆದರೆ ಅಷ್ಟು ಬಿಸಿಯ ವಸ್ತು ಕೆಂಪಗೆ ಹೊಳೆಯುತ್ತದೆ. ನೀಲಿ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ನೀಲಿ ನಕ್ಷತ್ರದ್ದೇ.

ಪತ್ರಿಕೆಗಳಲ್ಲಿ ಬಂದ ನೀಲಿ ಗೋಲದ ಚಿತ್ರ ಕಲಾವಿದರು ಬರೆದದ್ದು. ನೀಲಿ ಎಂದಕೂಡಲೇ ಸಮುದ್ರ ಎಂದುಕೊಳ್ಳಬೇಡಿ. ಅಲ್ಲಿ ನೀರು ನಿಲ್ಲುವುದಿಲ್ಲ. ಮೇಲಿನ ಮೋಡ ನೀಲಿಯನ್ನು ಚದುರಿಸುತ್ತದೆ, ಸೋಡಿಯಂ ಉಳಿದದ್ದನ್ನು ನುಂಗುತ್ತದೆ ಎಂದು ವಿಜ್ಞಾನಿಗಳ ಊಹೆ. ಆ 40 ಕೂಡ 12 ಹೆಚ್ಚೋ ಕಡಿಮೆಯೋ ಇರಬಹುದು. ಅಜ್ಜನಿಗೆ ಬಣ್ಣಕ್ಕಿಂತ ಆ 12 ಇಷ್ಟವಾಯಿತು. “ಪ್ರಾಮಾಣಿಕ ಲೆಕ್ಕ” ಎಂದರು.

ಈಗ ನಾನು ಓದುತ್ತಿರುವುದು ಟ್ರೆಸ್-2ಬಿ ಎಂಬ ಇನ್ನೊಂದು ದೈತ್ಯ ಗ್ರಹದ ಬಗ್ಗೆ. 2011ರಲ್ಲಿ ಕೆಪ್ಲರ್ ಅಳತೆಗಳಿಂದ ತಿಳಿದ ಹಾಗೆ ಅದು ಶೇಕಡಾ ಒಂದರಷ್ಟು ಬೆಳಕನ್ನೂ ವಾಪಸ್ ಕೊಡುವುದಿಲ್ಲ, ಇದ್ದಿಲಿಗಿಂತ ಕಪ್ಪು. ಏಕೆ ಎಂದು ಅಜ್ಜ ಆಗಲೇ ಕೇಳಿದ್ದಾರೆ.