ಹಿಟ್ಟು ಬೀಸಿದವಳು ಉಂಡದ್ದೆಷ್ಟು?



‘ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟ’ ಎಂಬ ಗಾದೆ ಹಳೇ ಮೈಸೂರು ಸೀಮೆಯಲ್ಲಿ ಮನೆಮಾತು. ರಾಗಿಯ ಕಸುವನ್ನು ಕೊಂಡಾಡುವ ಗಾದೆ ಇದು. ಇದರಲ್ಲಿ ಹಿಟ್ಟು ತಿಂದವನು ಗಂಡಸು. ಕೋಳಿ ಕೂಗುವ ಹೊತ್ತಿಗೆ ಎದ್ದು ಆ ಹಿಟ್ಟನ್ನು ಬೀಸಿದವಳು ಯಾರು, ಬೀಸಿದ ಮೇಲೆ ಅವಳು ಉಂಡದ್ದೆಷ್ಟು ಎಂಬುದನ್ನು ಗಾದೆ ಹೇಳುವುದಿಲ್ಲ. ಹಳ್ಳಿಯ ಮತ್ತು ಪಟ್ಟಣದ ಹೆಣ್ಣುಮಕ್ಕಳ ಊಟ ಹಾಗೂ ಮೈದುಡಿಮೆಯ ವಿಚಾರವನ್ನು ಈ ಪ್ರಶ್ನೆಯಿಂದಲೇ ಆರಂಭಿಸುವುದು ಒಳ್ಳೆಯದು.

‘ಹಿಂದಿನ ಕಾಲದ ಹೆಂಗಸರು ಬೀಸುತ್ತಿದ್ದರು, ಕುಟ್ಟುತ್ತಿದ್ದರು, ನೀರು ಸೇದುತ್ತಿದ್ದರು. ಅದಕ್ಕೇ ಗಟ್ಟಿಮುಟ್ಟಾಗಿದ್ದರು’ ಎಂಬ ಮಾತು ಮದುವೆ ಮನೆಯ ಪಂಕ್ತಿಯಿಂದ ಹಿಡಿದು ವೈದ್ಯರ ಕೊಠಡಿಯವರೆಗೆ ಎಲ್ಲೆಡೆ ಕೇಳಿಬರುತ್ತದೆ. ಇದರ ಮೊದಲ ಅರ್ಧ ನಿಜ. ಬೀಸುಕಲ್ಲು, ಒರಳು, ಒನಕೆ, ಬಾವಿಯ ಹಗ್ಗ, ಸೌದೆಯ ಹೊರೆ, ನಾಟಿ, ಕಳೆ, ಕೊಯ್ಲು ಇವೆಲ್ಲ ಸೇರಿ ಆಕೆಯ ದಿನವಾಗಿತ್ತು. ಆ ದುಡಿಮೆಯ ಬೇಸರ ನೀಗಲೆಂದು ಹುಟ್ಟಿದ್ದೇ ಬೀಸುವ ಪದ. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು 1931ರಲ್ಲಿ ಹೊರತಂದ ‘ಗರತಿಯ ಹಾಡು’ ಸಂಕಲನದಲ್ಲಿ ಇಂಥ ತ್ರಿಪದಿಗಳು ಅಚ್ಚಾದಾಗ ಓದುಗರು ಅವುಗಳ ಸೊಗಸಿಗೆ ಬೆರಗಾದರು. ಆದರೆ ಆ ಹಾಡುಗಳು ಬಂದದ್ದು ನಸುಕಿನಲ್ಲಿ ಕಲ್ಲು ತಿರುಗಿಸುತ್ತಿದ್ದ ತೋಳುಗಳ ದಣಿವಿನಿಂದ.

ಮಾತಿನ ಎರಡನೆಯ ಅರ್ಧ ಮಾತ್ರ ಪರೀಕ್ಷೆಗೆ ನಿಲ್ಲುವುದಿಲ್ಲ. ಮೈ ಗಟ್ಟಿಯಾಗಬೇಕಾದರೆ ದುಡಿಮೆಗೆ ತಕ್ಕ ಊಟ ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಸಂಸ್ಥೆ 2020ರಲ್ಲಿ ಪರಿಷ್ಕರಿಸಿದ ಲೆಕ್ಕದ ಪ್ರಕಾರ, 55 ಕಿಲೋ ತೂಕದ, ಕುಳಿತು ಕೆಲಸ ಮಾಡುವ ಮಹಿಳೆಗೆ ದಿನಕ್ಕೆ 1,660 ಕ್ಯಾಲೊರಿ ಸಾಕು. ಅದೇ ತೂಕದ, ಕಠಿಣ ದುಡಿಮೆಯ ಮಹಿಳೆಗೆ 2,720 ಕ್ಯಾಲೊರಿ ಬೇಕು. ಇವೆರಡರ ನಡುವಿನ ಅಂತರ ಸಾವಿರಕ್ಕೂ ಹೆಚ್ಚು ಕ್ಯಾಲೊರಿ. ಅಂದರೆ 300 ಗ್ರಾಂಗೂ ಮಿಕ್ಕ ರಾಗಿಹಿಟ್ಟು. ದೊಡ್ಡ ಗಾತ್ರದ ಮೂರು ಮುದ್ದೆಗೆ ಸಾಲುವಷ್ಟು.

ಆ ಮೂರು ಮುದ್ದೆ ಆಕೆಯ ಗಂಗಳಕ್ಕೆ ಬೀಳುತ್ತಿತ್ತೇ? ಮನೆಯ ಊಟದ ಸರದಿಯನ್ನು ನೆನಪಿಸಿಕೊಂಡರೆ ಉತ್ತರ ಸಿಗುತ್ತದೆ. ಮೊದಲು ಗಂಡಸರು, ಆಮೇಲೆ ಮಕ್ಕಳು, ನಂತರ ಅತ್ತೆ, ಕೊನೆಗೆ ಸೊಸೆ. ಸಾರಿನ ಕಾಳು, ಸೊಪ್ಪು ಮೇಲಿನವರಿಗೆ. ಆಕೆಗೆ ತಳದ ನೀರು. ಉಳಿದರೆ ಊಟ, ಉಳಿಯದಿದ್ದರೆ ಮಜ್ಜಿಗೆ. ಇದಕ್ಕೆ ಯಾರೂ ಅನ್ಯಾಯವೆಂಬ ಹೆಸರಿಡಲಿಲ್ಲ. ಗೃಹಿಣಿಯ ಗುಣವೆಂದೇ ಕರೆದರು. ಅಂದಿನ ಎಷ್ಟೋ ಹೆಂಗಸರು ಸಣ್ಣಗಿದ್ದದ್ದು ಆರೋಗ್ಯದಿಂದಲ್ಲ, ಅರೆಹೊಟ್ಟೆಯಿಂದ.

ಮುಂದೆ ಹಿಟ್ಟಿನ ಗಿರಣಿ ಬಂತು, ಕೊಳಾಯಿ ಬಂತು, 1960ರ ದಶಕದ ನಂತರ ಮಿಕ್ಸಿ ಬಂತು, ಗ್ಯಾಸ್ ಒಲೆ ಬಂತು. ಪಟ್ಟಣದ ಮನೆಗಳಿಗೆ ಮೊದಲು, ಹಳ್ಳಿಗಳಿಗೆ ತಡವಾಗಿ. ಇವು ದೊಡ್ಡ ಬಿಡುಗಡೆಯೇ ಸರಿ. ಬೀಸುಕಲ್ಲಿಗೆ ಹಿಂತಿರುಗಿ ಎಂದು ಉಪದೇಶ ಮಾಡುವವರು ಒಂದು ವಾರ ತಾವೇ ಬೀಸಿ ನೋಡಲಿ!

ಆದರೆ ಇದೇ ಕಾಲದಲ್ಲಿ ತಟ್ಟೆಯೂ ಬದಲಾಯಿತು. ಅಕ್ಕಿ ಮೇಲು, ರಾಗಿ ಕೀಳು ಎಂಬ ಭಾವನೆ ಹೊಸದೇನಲ್ಲ. ಹದಿನಾರನೆಯ ಶತಮಾನದ ಕನಕದಾಸರು ‘ರಾಮಧಾನ್ಯಚರಿತೆ’ಯಲ್ಲಿ ಭತ್ತಕ್ಕೂ ರಾಗಿಗೂ ಜಗಳ ಹಚ್ಚಿ, ಕೊನೆಗೆ ರಾಮನಿಂದ ರಾಗಿಯ ಪರವಾಗಿ ತೀರ್ಪು ಕೊಡಿಸಬೇಕಾಯಿತೆಂದರೆ ಆ ಭಾವನೆ ಎಷ್ಟು ಹಳೆಯದೆಂದು ಊಹಿಸಬಹುದು. ಕಾವ್ಯದಲ್ಲಿ ಗೆದ್ದ ರಾಗಿ ಅಂತಸ್ತಿನಲ್ಲಿ ಸೋತಿತು. ಪಾಲಿಷ್ ಮಾಡಿದ ಬಿಳಿ ಅಕ್ಕಿ ನೆಂಟರ ಊಟದಿಂದ ನಿತ್ಯದ ಊಟವಾಯಿತು. 2013ರ ಜುಲೈನಲ್ಲಿ ಕರ್ನಾಟಕದಲ್ಲಿ ಆರಂಭವಾದ ‘ಅನ್ನಭಾಗ್ಯ’ ಬಡವರ ಹಸಿವಿಗೆ ದೊಡ್ಡ ಆಸರೆಯಾಯಿತು. ಜೊತೆಗೆ ರಾಗಿ, ಜೋಳದ ಸೀಮೆಗಳ ಹಳ್ಳಿಗಳಲ್ಲೂ ಅಕ್ಕಿಯ ಬಳಕೆ ಹೆಚ್ಚಿತು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದ್ದರೆ ಬಿಳಿ ಅಕ್ಕಿಯಲ್ಲಿ ಇರುವುದು ಹತ್ತರ ಆಸುಪಾಸು. ಅನ್ನದ ಜೊತೆಗೆ ಕಾಳು, ಸೊಪ್ಪು, ಹಾಲು ಧಾರಾಳವಾಗಿದ್ದರೆ ಚಿಂತೆಯಿಲ್ಲ. ತೆಳು ಸಾರು, ಉಪ್ಪಿನಕಾಯಿಯ ಮನೆಯಲ್ಲಿ ಈ ಕೊರತೆ ನೇರವಾಗಿ ಮೂಳೆಗೆ ತಟ್ಟುತ್ತದೆ.

ಹಾಗಾದರೆ ಪಟ್ಟಣದ ಗೃಹಿಣಿಗೆ ಕೆಲಸವೇ ಇಲ್ಲವೇ? ಖಂಡಿತ ಇದೆ. ಕೇಂದ್ರ ಸರ್ಕಾರ 2024ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ದಿನಕ್ಕೆ ಸರಾಸರಿ 289 ನಿಮಿಷ ಅದಕ್ಕೇ ಕಳೆಯುತ್ತಾರೆ. ಅಂಥ ಕೆಲಸ ಮಾಡುವ ಗಂಡಸರು ಕಳೆಯುವುದು 88 ನಿಮಿಷ. ಆದರೆ ಒಲೆಯ ಮುಂದೆ ನಿಲ್ಲುವುದು, ತರಕಾರಿ ಹೆಚ್ಚುವುದು, ಬಟ್ಟೆ ಮಡಿಸುವುದು ಕಾಲು ನೋಯಿಸುತ್ತವೆಯೇ ಹೊರತು ಎದೆಬಡಿತ ಏರಿಸುವುದಿಲ್ಲ. ಯಂತ್ರ ಆಕೆಯ ಬೆವರನ್ನು ತೆಗೆದುಕೊಂಡಿತು, ಹೊತ್ತನ್ನು ಹಿಂದಿರುಗಿಸಲಿಲ್ಲ. ದಿನವಿಡೀ ದಣಿದವಳಿಗೆ ‘ನೀವು ವ್ಯಾಯಾಮ ಮಾಡುತ್ತಿಲ್ಲ’ ಎಂದು ವೈದ್ಯರು ಹೇಳಿದಾಗ ಆಕೆಗೆ ಅಳು ಬರುವುದು ಸಹಜ. ವೈದ್ಯರ ಮಾತೂ ಸುಳ್ಳಲ್ಲ, ಆಕೆಯ ದಣಿವೂ ಸುಳ್ಳಲ್ಲ.

ಇದರ ಫಲವನ್ನು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕಾಣಬಹುದು. ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಅತಿತೂಕ ಅಥವಾ ಬೊಜ್ಜು ಇರುವವರು ಪಟ್ಟಣಗಳಲ್ಲಿ ಶೇಕಡಾ 33, ಹಳ್ಳಿಗಳಲ್ಲಿ ಶೇಕಡಾ 20ರಷ್ಟು. ತೂಕ ಸಾಲದವರು ಪಟ್ಟಣಗಳಲ್ಲಿ ಶೇಕಡಾ 13, ಹಳ್ಳಿಗಳಲ್ಲಿ ಶೇಕಡಾ 21. ಇಲ್ಲಿಯವರೆಗೆ ನಿರೀಕ್ಷೆಯಂತೆಯೇ ಇದೆ. ಆದರೆ ರಕ್ತಹೀನತೆಯ ಅಂಕಿ ನೋಡಿ: ಹಳ್ಳಿಗಳಲ್ಲಿ ಶೇಕಡಾ 58.5, ಪಟ್ಟಣಗಳಲ್ಲಿ ಶೇಕಡಾ 53.8. ಅಂತರ ಐದಕ್ಕಿಂತ ಕಡಿಮೆ! ಪಟ್ಟಣದಲ್ಲಿ ತೂಕ ಏರಿತು, ರಕ್ತ ಅಷ್ಟಾಗಿ ಏರಲಿಲ್ಲ. ಹೊಟ್ಟೆ ತುಂಬಿಸುವುದೇ ಬೇರೆ, ಮೈಗೆ ಊಟ ಕೊಡುವುದೇ ಬೇರೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಇದು ಒಬ್ಬಳ ಮೈಯಲ್ಲೇ ಮುಗಿಯುವ ಕಥೆಯಲ್ಲ ಎಂಬುದನ್ನು ತೋರಿಸಿದ್ದು ಕರ್ನಾಟಕದ್ದೇ ಒಂದು ಅಧ್ಯಯನ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ತಾಯಿಯ ತೂಕ ಬರೆದಿಟ್ಟ ದಾಖಲೆಗಳು ಉಳಿದಿದ್ದವು. ಸಂಶೋಧಕರು 1934 ಮತ್ತು 1954ರ ನಡುವೆ ಅಲ್ಲಿ ಹುಟ್ಟಿದ ಐನೂರಕ್ಕೂ ಹೆಚ್ಚು ಜನರನ್ನು ಹುಡುಕಿ ಪರೀಕ್ಷಿಸಿ, 1996ರಲ್ಲಿ ಫಲಿತಾಂಶ ಪ್ರಕಟಿಸಿದರು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದ್ದವರ ಪೈಕಿ ನೂರಕ್ಕೆ 11 ಜನರಿಗೆ ಹೃದಯದ ರಕ್ತನಾಳದ ಕಾಯಿಲೆ ಇತ್ತು. 3.2 ಕಿಲೋ ಮತ್ತು ಮೇಲ್ಪಟ್ಟು ತೂಗಿದ್ದವರಲ್ಲಿ ಅದು ಮೂರು ಮಾತ್ರ. ತಾಯಿಯೂ 45 ಕಿಲೋಗಿಂತ ಹಗುರ, ಮಗುವೂ ಹಗುರ ಎಂದಾಗ ಆ ಸಂಖ್ಯೆ 20ಕ್ಕೆ ಏರಿತ್ತು. ಅಡುಗೆಮನೆಯಲ್ಲಿ ಬಸುರಿ ಬಿಟ್ಟ ತುತ್ತು, ಅರ್ಧ ಶತಮಾನದ ನಂತರ ಮಕ್ಕಳ ಎದೆಯಲ್ಲಿ ನೋವಾಗಿ ಕಾಣಿಸಿಕೊಳ್ಳಬಹುದು ಎಂದಾಯಿತು.

ಇನ್ನು ಮಾಡಬೇಕಾದದ್ದೇನು? ಹಳ್ಳಿಯಲ್ಲಿ ಕಳೆ ಕಿತ್ತು ಬಂದವಳಿಗೆ ವ್ಯಾಯಾಮದ ಪಾಠ ಬೇಡ, ಪಾಲಿನ ಊಟ ಬೇಕು. ಎಲ್ಲರೂ ಒಟ್ಟಿಗೆ ಕುಳಿತು ಉಣ್ಣುವ ಒಂದು ರೂಢಿಯಿಂದಲೇ ಸಾರಿನ ಕಾಳು ಸಮನಾಗಿ ಹಂಚಿಹೋಗುತ್ತದೆ. ಇದಕ್ಕೆ ಹಣ ಖರ್ಚಿಲ್ಲ. ರಾಗಿ, ಕಾಳುಗಳನ್ನು ಮೊಳಕೆ ಕಟ್ಟಿ ಬಳಸಿದರೆ, ಸೊಪ್ಪಿನ ಪಲ್ಯಕ್ಕೆ ನಿಂಬೆ ಹಿಂಡಿದರೆ, ಊಟಕ್ಕೆ ಹೊಂದಿಕೊಂಡೇ ಕಾಫಿ, ಟೀ ಕುಡಿಯದಿದ್ದರೆ ಆಹಾರದ ಕಬ್ಬಿಣದಂಶ ಮೈಗೆ ಚೆನ್ನಾಗಿ ಹತ್ತುತ್ತದೆ.

ಪಟ್ಟಣದಲ್ಲಿ ತಟ್ಟೆಯ ಅನ್ನ ಕಡಿಮೆಯಾಗಿ ಕಾಳು, ತರಕಾರಿ ಹೆಚ್ಚಬೇಕು. ಜೊತೆಗೆ ನಡಿಗೆ ಬೇಕು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ಶ್ರಮ. ಐದು ದಿನ ಅರ್ಧ ಗಂಟೆಯ ಬಿರುಸಿನ ನಡಿಗೆ ಸಾಕು. ಆ ಅರ್ಧ ಗಂಟೆ ಎಲ್ಲಿಂದ ಬರಬೇಕು? ಉತ್ತರ ಸಮೀಕ್ಷೆಯಲ್ಲೇ ಇದೆ. 289 ನಿಮಿಷಗಳಲ್ಲಿ 30 ನಿಮಿಷವನ್ನು ಮನೆಯ ಉಳಿದವರು ಹೊತ್ತುಕೊಂಡರೆ ಆಕೆ ಚಪ್ಪಲಿ ಮೆಟ್ಟಿ ಹೊರಡಬಹುದು.

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಇನ್ನೊಂದು ಗಾದೆಯೂ ಇದೆ. ಅಲ್ಲಿಯೂ ಗಂಡಸೇ. ಊಟವನ್ನು ನಿಜವಾಗಿ ಬಲ್ಲವಳು, ಅಂದರೆ ಬೆಳೆದು, ಬೀಸಿ, ಬೇಯಿಸಿ, ಬಡಿಸಿದವಳು, ಆ ಗಾದೆಯೊಳಗೆ ಇನ್ನೂ ಬಂದಿಲ್ಲ. ಈ ರಾತ್ರಿ ಊಟಕ್ಕೆ ಕುಳಿತಾಗ ಆಕೆಗೂ ಒಂದು ತಟ್ಟೆ ಹಾಕಿ, ಆಕೆ ಕುಳಿತ ಮೇಲೆಯೇ ಉಳಿದವರು ಕೈಹಾಕಿದರೆ, ಗಾದೆ ತಿದ್ದುವ ಕೆಲಸ ಆ ಮನೆಯಿಂದಲೇ ಶುರುವಾದಂತೆ.