ಸಾಲು ತಿದ್ದುವ ಯಂತ್ರ



ನಮ್ಮ ಲೈನ್ ಮನೆಗಳಿಂದ ಓದಿ ಹೋದ ಮಕ್ಕಳಲ್ಲಿ ಕೆಲವರು ಈಗ ಕೊಯಮತ್ತೂರು, ಬೆಂಗಳೂರುಗಳಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ. ರಜೆಗೆ ಬಂದಾಗ ಅವರು "ರಿವ್ಯೂನಲ್ಲಿ ತಿರುಗಿ ಬಂತು" ಎಂದು ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ಅದೇನೆಂದು ಇಂದು ಹೇಳುತ್ತೇನೆ.

ಕಂಪ್ಯೂಟರು ಏನು ಮಾಡಬೇಕೆಂದು ಸಾಲುಸಾಲಾಗಿ ಬರೆದುಕೊಡುವುದು ಅವರ ಕೆಲಸ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ ಒಪ್ಪಬೇಕು, ಇದೇ ರಿವ್ಯೂ. ಒಳ್ಳೆಯ ಪದ್ಧತಿಯೇ. ಆದರೆ ಎಷ್ಟೋ ಕಡೆ ಓದುವವರು ಲೆಕ್ಕ ಸರಿಯೋ ತಪ್ಪೋ ಎಂಬುದನ್ನು ಬಿಟ್ಟು, ಇಲ್ಲಿ ಜಾಗ ಹೆಚ್ಚಾಯಿತು, ಅಲ್ಲಿ ಸಾಲು ಉದ್ದವಾಯಿತು ಎಂದೇ ತಿದ್ದುತ್ತಾರೆ. ಹಿರಿಯರ ಬರಹಕ್ಕೆ ಸುಮ್ಮನಿರುವವರೇ ಹೊಸಬರ ಬರಹಕ್ಕೆ ಇಪ್ಪತ್ತು ಗುರುತು ಹಾಕುವುದುಂಟು. ಎಲೆ ತೂಗುವಲ್ಲಿ "ಎಲೆ ಬಲಿತಿದೆ" ಎಂದು ಒಬ್ಬರಿಗೆ ಕಳೆದು ಇನ್ನೊಬ್ಬರಿಗೆ ಬಿಟ್ಟರೆ ಹೇಗಿರುತ್ತದೆಂದು ನಿಮಗೆ ನಾನು ಹೇಳಬೇಕೆ?

ಈ ಅಂದ ನೋಡುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಬಹುದು. ಯಂತ್ರವೆಂದರೆ ಇದೂ ಒಂದು ಪ್ರೋಗ್ರಾಂ ಅಷ್ಟೇ. 1970ರ ದಶಕದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಸ್ಟೀಫನ್ ಜಾನ್ಸನ್ ಎಂಬವರು ಬರಹದಲ್ಲಿನ ಸಂಶಯದ ಜಾಗಗಳನ್ನು ತೋರಿಸುವ 'ಲಿಂಟ್' ಮಾಡಿದರು. ಬಟ್ಟೆಗೆ ಅಂಟಿದ ನೂಲಿನ ಚೂರು ಎಂದು ಆ ಮಾತಿನ ಅರ್ಥ. 2009ರಲ್ಲಿ ಗೂಗಲ್ ಹೊರತಂದ 'ಗೋ' ಭಾಷೆಯ ಜೊತೆಗೇ ಸಾಲುಗಳನ್ನು ತಾನೇ ಒಪ್ಪಮಾಡುವ ಪ್ರೋಗ್ರಾಂ ಬಂದಿತು. ಪೈಥಾನ್ ಭಾಷೆಗೆ 2018ರಲ್ಲಿ 'ಬ್ಲ್ಯಾಕ್' ಬಂದಿತು. ಮನುಷ್ಯರು ಓದುವ ಮೊದಲೇ ಇವು ನೋಡಿಬಿಡುತ್ತವೆ. ಮ್ಯಾನೇಜರ್ ಬರೆದರೂ ನಿನ್ನೆ ಸೇರಿದ ಹುಡುಗಿ ಬರೆದರೂ ಅಳತೆ ಒಂದೇ.

ಅಂದವೆಂದರೆ ಬರೀ ಶೋಕಿ ಎಂದುಕೊಳ್ಳಬೇಡಿ. 2014ರಲ್ಲಿ ಆಪಲ್ ಕಂಪನಿಯ ಫೋನುಗಳಲ್ಲಿ ಒಂದು ದೋಷ ಹೊರಬಿತ್ತು. ಒಂದೇ ಸಾಲು ಎರಡು ಸಲ ಬಿದ್ದಿತ್ತು. ಎರಡನೆಯದನ್ನೂ ಒಳಕ್ಕೆ ಸರಿಸಿ ಬರೆದಿದ್ದರಿಂದ ಅದೂ ಮೇಲಿನ ಷರತ್ತಿಗೆ ಸೇರಿದಂತೆ ಕಂಡಿತು, ಸೇರಿರಲಿಲ್ಲ. ಇದರಿಂದ ಭದ್ರತೆಯ ಒಂದು ಮುಖ್ಯ ಪರೀಕ್ಷೆಯೇ ನಡೆಯದೆ ಹೋಯಿತು. ಒಪ್ಪಮಾಡುವ ಪ್ರೋಗ್ರಾಂ ಆ ಸಾಲನ್ನು ಹೊರಕ್ಕೆ ತಳ್ಳಿ ಕಣ್ಣಿಗೆ ಕಾಣಿಸುತ್ತಿತ್ತು.

ಇದನ್ನು ತರುವುದಕ್ಕೂ ಕ್ರಮವಿದೆ. ಹಳೆಯ ಬರಹವನ್ನೆಲ್ಲ ಒಂದೇ ಸಲ, ಬೇರೆಯಾಗಿ ಒಪ್ಪಮಾಡಬೇಕು. ನಿಜವಾದ ಬದಲಾವಣೆಯೊಂದಿಗೆ ಬೆರೆಸಿದರೆ ಯಾವುದು ಯಾವುದೆಂದು ತಿಳಿಯುವುದಿಲ್ಲ. ಸಣ್ಣಪುಟ್ಟದಕ್ಕೆಲ್ಲ ಯಂತ್ರ ಕೂಗುತ್ತಿದ್ದರೆ ಯಾರೂ ಕಿವಿಗೊಡುವುದಿಲ್ಲ, ಆದ್ದರಿಂದ ನಿಯಮ ಕಡಿಮೆಯಿರಲಿ. ಮತ್ತು ಇಬ್ಬರು ಹಿರಿಯರೇ ಕೂತು ನಿಯಮ ಮಾಡಿದರೆ ಹಳೆಯ ಪಕ್ಷಪಾತವೇ ಯಂತ್ರದೊಳಗೆ ಹೋಗಿ ಕೂತಂತೆ.

ಯಂತ್ರಕ್ಕೆ ಅರ್ಥ ತಿಳಿಯದು. ಆರು ದಿನದ ಕೂಲಿಯನ್ನು ಐದು ದಿನಕ್ಕೆ ಲೆಕ್ಕ ಹಾಕುವ ಬರಹವೂ ಸಾಲು ನೆಟ್ಟಗಿದ್ದರೆ ದಾಟಿಹೋಗುತ್ತದೆ. ಅದನ್ನು ಹಿಡಿಯಲು ಮನುಷ್ಯರೇ ಓದಬೇಕು. ಜಾಗ, ಚುಕ್ಕೆಗಳ ಜಗಳ ತಪ್ಪಿದರೆ ಹಾಗೆ ಓದಲು ಹೊತ್ತು ಸಿಗುತ್ತದೆ. ನಿಮ್ಮ ಮಕ್ಕಳು ಬಂದಾಗ ಕೇಳಿ ನೋಡಿ: ನಿಮ್ಮಲ್ಲಿ ಆ ನಿಯಮ ಬರೆಯುವಾಗ ನಿನ್ನನ್ನೂ ಕೇಳಿದರಾ?